5/5 ಯಾಕೆ ಸಮಭಿನ್ನರಾಶಿ ಅಲ್ಲ?

ಪ್ರಶ್ನೆ: ನಾನು ಮರಗೆಲಸದವನು. ಮಗಳು ಆರನೇ ಕ್ಲಾಸು. ಟೆಸ್ಟಿನಲ್ಲಿ 5/5 ಸಮಭಿನ್ನರಾಶಿ ಎಂದು ಬರೆದಿದ್ದಕ್ಕೆ ತಪ್ಪು ಹಾಕಿದ್ದಾರೆ. ಮೇಲಿನದು ಕೆಳಗಿನದಕ್ಕಿಂತ ದೊಡ್ಡದಲ್ಲವಲ್ಲ ಅನ್ನೋದು ಅವಳ ವಾದ. 7/8, 5/6 ಎರಡೂ ಒಂದೇ ಅಂತಲೂ ಹೇಳುತ್ತಾಳೆ, ಎರಡಕ್ಕೂ ಒಂದೇ ಕಮ್ಮಿಯಂತೆ. ಹೇಗೆ ಹೇಳಿಕೊಡಲಿ ಮೇಡಂ?

ಉತ್ತರ: ಹುಡುಗಿಯ ವಾದ ನನಗೆ ಇಷ್ಟವಾಯಿತು. ಸುಮ್ನೆ ಊಹಿಸಿ ಬರೆದವಳಲ್ಲ. ಹೇಳಿಕೊಡುವ ಸಾಮಾನು ನಿಮ್ಮ ಜೇಬಿನಲ್ಲೇ ಇದೆ, ಅಳತೆ ಟೇಪು.

ಇಂಚಿನ ಕಡೆ ತಿರುಗಿಸಿ. ಸಾಮಾನ್ಯವಾಗಿ ಒಂದು ಇಂಚಿಗೆ 16 ಭಾಗ ಇರುತ್ತದೆ. ಮೂರನೇ ಗೆರೆ 3/16. ಹದಿನೈದನೆಯದು 15/16, ಅದೂ ಇನ್ನೂ ಇಂಚಿನ ಒಳಗೇ. ಇವೆಲ್ಲ ಸಮಭಿನ್ನರಾಶಿ. ಮುಂದಿನ ಗೆರೆ 16/16. ಅಲ್ಲಿ ಟೇಪಿನ ಮೇಲೆ ಏನು ಬರೆದಿದೆ? 1 ಅಂತ, ಅಲ್ವಾ? ಇಂಚು ತುಂಬಿಹೋಯಿತು. ಅಂಶವು, ಅಂದರೆ ಮೇಲಿನ ಸಂಖ್ಯೆ, ಛೇದಕ್ಕಿಂತ, ಅಂದರೆ ಕೆಳಗಿನದಕ್ಕಿಂತ, ಚಿಕ್ಕದಿದ್ದರೆ ಮಾತ್ರ ಸಮಭಿನ್ನರಾಶಿ. ಎರಡೂ ಒಂದೇ ಆದರೆ, ಅಥವಾ ಅಂಶವೇ ದೊಡ್ಡದಾದರೆ, ವಿಷಮಭಿನ್ನರಾಶಿಯ ಗುಂಪಿಗೆ ಹೋಗುತ್ತದೆ. 5/5 ಕಥೆಯೂ ಅಷ್ಟೇ. 19/16 ಎಲ್ಲಿದೆ ಅಂತ ಅವಳೇ ಹುಡುಕಲಿ. 1 ದಾಟಿ ಮೂರು ಗೆರೆ.

ಎರಡನೆಯದು ಇನ್ನೂ ಸ್ವಾರಸ್ಯ. ಒಂದು ಕಮ್ಮಿ ಅನ್ನೋದು ನಿಜವೇ. ಆದರೆ ಆ ಒಂದು ಎಷ್ಟು ದೊಡ್ಡದು? 7/8 ಪೂರ್ತಿಯಾಗಲು 1/8 ಬೇಕು, 5/6ಕ್ಕೆ 1/6 ಬೇಕು. 24 ಇಂಚಿನ ರೀಪರ್ (ಮರದ ಪಟ್ಟಿ) ತಗೊಂಡು ಅವಳ ಕೈಯಲ್ಲೇ ಗುರುತು ಹಾಕಿಸಿ. ಎಂಟು ಭಾಗ ಮಾಡಿದರೆ ಒಂದೊಂದು 3 ಇಂಚು, ಆರು ಮಾಡಿದರೆ 4 ಇಂಚು. ಹಾಗಾಗಿ 7/8 ಅಂದರೆ 21 ಇಂಚು, 5/6 ಅಂದರೆ 20. ಛೇದ ಸಮ ಮಾಡಿ 21/24, 20/24 ಎಂದು ಶಾಲೆಯಲ್ಲಿ ಬರೆಸುವುದೂ ಇದನ್ನೇ. ಅಡ್ಡ ಗುಣಾಕಾರ ಈಗಲೇ ಬೇಡ. ಉತ್ತರ ಬೇಗ ಬರುತ್ತದೆ, ಅಳತೆ ಕಣ್ಣಿಗೆ ಕಾಣುವುದಿಲ್ಲ.

ರೀಪರ್ ಎತ್ತಿಡುವ ಮುಂಚೆ ಒಂದು ಪಂದ್ಯ ಕಟ್ಟಿ. ಅಂಶ 1 ಇರುವ ಬೇರೆಬೇರೆ ಸಮಭಿನ್ನರಾಶಿಗಳನ್ನು ಕೂಡಿಸಿ ಸರಿಯಾಗಿ 1 ಬರಿಸಬೇಕು. ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲೇ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ಮೂರು ತುಂಡಿಗೆ 1/2, 1/3, 1/6. ನಿಮ್ಮ ರೀಪರ್‌ನಲ್ಲಿ 12, 8, 4 ಇಂಚು. ನಾಲ್ಕು ತುಂಡಿನಲ್ಲಿ ಮಾಡು ಅಂತ ಮಗಳಿಗೆ ಹೇಳಿ. ಸುಳಿವು ಬೇಕಿದ್ದರೆ, ಆ ಕೊನೆಯ 4 ಇಂಚನ್ನು ಎರಡು ಅಸಮ ತುಂಡು ಮಾಡಿದರೆ ಸಾಕು. ಒಂದಕ್ಕಿಂತ ಜಾಸ್ತಿ ದಾರಿ ಇದೆ.