ಹೆಬ್ಬಾತಿನ ಮರಿ ಪೂರ್ತಿ ಬೆಳೆದೂ ಚಿಪ್ಪಿನೊಳಗೇ ಸಾಯುವುದು ಯಾಕೆ?

ಮೂಡಿಗೆರೆ ಕಡೆಯವರು ಅಂದಿದ್ದೀರಿ. ಮಳೆ ಹಿಡಿದ ಮೇಲೆ ಕೋಳಿ ಮೊಟ್ಟೆಯ ಇನ್‌ಕ್ಯುಬೇಟರ್‌ನಲ್ಲಿ ಎಂಟು ಹೆಬ್ಬಾತು ಮೊಟ್ಟೆ ಇಟ್ಟಿರಿ, ನೀರಿನ ತಟ್ಟೆ ಸದಾ ತುಂಬಿತ್ತು, ಆರು ಮರಿ ಪೂರ್ತಿ ಬೆಳೆದೂ ಹೊರಗೆ ಬರಲಿಲ್ಲ. ಒಡೆದು ನೋಡಿದಾಗ ಮರಿ ಊದಿಕೊಂಡು ಒದ್ದೆಯಾಗಿತ್ತು ಎಂಬ ನಿಮ್ಮ ಮಾತಿನಲ್ಲೇ ಉತ್ತರ ಇದೆ. ಮೊಟ್ಟೆಯಿಂದ ನೀರು ಸಾಕಷ್ಟು ಆರಿಲ್ಲ. ಮೊಟ್ಟೆಯ ದಪ್ಪ ತುದಿಯೊಳಗೆ ಗಾಳಿ ತುಂಬಿರುವ ಜಾಗ, ಅಂದರೆ ಗಾಳಿಗೂಡು, ಚಿಕ್ಕದಾಗೇ ಉಳಿದು, ಮರಿಗೆ ಮೊದಲ ಉಸಿರಿಗೆ ಜಾಗ ಸಿಕ್ಕಿಲ್ಲ. ಚಿಪ್ಪಿನೊಳಗಿನ ಪೊರೆ ಒಣಗಿ ಮರಿಗೆ ಅಂಟಿಕೊಂಡಿದ್ದರೆ ತೇವ ಕಡಿಮೆ ಆಯಿತು ಅನ್ನುತ್ತಿದ್ದೆ.

ಮಲೆನಾಡಿನ ಮಳೆಗಾಲದಲ್ಲಿ ಮೊದಲ 27 ದಿನ ತಟ್ಟೆಗೆ ನೀರೇ ಬೇಡ. ಹೊರಗೆ 22 ಡಿಗ್ರಿಯಲ್ಲಿ 90 ಶೇಕಡಾ ತೇವ ಇರುವ ಗಾಳಿ ಇನ್‌ಕ್ಯುಬೇಟರ್ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಕಾದಾಗ ಅದರ ತೇವ 37 ಶೇಕಡಾದ ಹತ್ತಿರಕ್ಕೆ ಇಳಿಯುತ್ತದೆ, ಮೊಟ್ಟೆಯ ಹಸಿಯೂ ಸೇರಿ 40 ದಾಟುತ್ತದೆ. ಅಷ್ಟು ಸಾಕು. ಇದನ್ನೇ ಏಪ್ರಿಲ್‌ನಲ್ಲಿ ಬಯಲುಸೀಮೆಯ ಅರಸೀಕೆರೆಯಲ್ಲಿ ಮಾಡಿದರೆ ಮೊಟ್ಟೆ ಒಣಗಿ ಹೋಗುತ್ತದೆ, ಅಲ್ಲಿ ನೀರು ಇಡಲೇಬೇಕು.

ಅಗ್ಗದ ತೇವಮಾಪಕಕ್ಕಿಂತ ತಕ್ಕಡಿಯನ್ನು ನಂಬಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಇಡುವ ದಿನ ಪ್ರತಿ ಮೊಟ್ಟೆಯ ತೂಕ ಪೆನ್ಸಿಲ್‌ನಲ್ಲಿ ಚಿಪ್ಪಿನ ಮೇಲೇ ಬರೆಯಿರಿ. 28ನೇ ದಿನದ ಹೊತ್ತಿಗೆ 12ರಿಂದ 15 ಶೇಕಡಾ ಇಳಿಯಬೇಕು. 160 ಗ್ರಾಂ ಮೊಟ್ಟೆಯಾದರೆ ವಾರಕ್ಕೆ ಸುಮಾರು 5 ಗ್ರಾಂ. ಮೂರೇ ಗ್ರಾಂ ಇಳಿದಿದ್ದರೆ ಗಾಳಿಕಿಂಡಿ ಪೂರ್ತಿ ತೆರೆಯಿರಿ. ಎಂಟು ಗ್ರಾಂ ಇಳಿದಿದ್ದರೆ ಮಾತ್ರ ನೀರು.

ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ 38ರಿಂದ 38.3. ಹೆಬ್ಬಾತು ಮೊಟ್ಟೆ ಎತ್ತರ, ಥರ್ಮಾಮೀಟರನ್ನು ಕೋಳಿ ಮೊಟ್ಟೆಯ ಮಟ್ಟದಲ್ಲೇ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಕೋಳಿ ಮೊಟ್ಟೆಯ ತಿರುಗುವ ಟ್ರೇಯಲ್ಲಿ ಇವು ಕೂರುವುದಿಲ್ಲ. ಅಡ್ಡಲಾಗಿ ಮಲಗಿಸಿ, ಒಂದು ಮಗ್ಗುಲಿಗೆ ಗೀಟು, ಇನ್ನೊಂದಕ್ಕೆ ಸೊನ್ನೆ ಹಾಕಿ, ದಿನಕ್ಕೆ ಐದು ಸಲ ಅರ್ಧ ಸುತ್ತು ತಿರುಗಿಸಿ. ಒಮ್ಮೆ ಬಲಕ್ಕೆ ತಿರುಗಿಸಿದರೆ ಮುಂದಿನ ಸಲ ಎಡಕ್ಕೆ.

8ನೇ ದಿನದಿಂದ ದಿನಕ್ಕೊಮ್ಮೆ ಮುಚ್ಚಳ ತೆಗೆದು 10–15 ನಿಮಿಷ ಆರಲು ಬಿಡಿ, ತಾಯಿ ಹೆಬ್ಬಾತು ಮೇಯಲು ಏಳುವ ಹಾಗೆ. ಇದರ ಜೊತೆ ಉಗುರುಬೆಚ್ಚಗಿನ ನೀರು ಚಿಮುಕಿಸುವ ರೂಢಿಯೂ ಇದೆ. ತೂಕ ಇಳಿಯದ ಮಳೆಗಾಲದಲ್ಲಿ ನಾನಾದರೆ ಅದನ್ನು ಬಿಡುತ್ತೇನೆ. 10ನೇ ದಿನ ಕತ್ತಲಲ್ಲಿ ಟಾರ್ಚಿಗೆ ಹಿಡಿಯಿರಿ. ಜೇಡರ ಬಲೆಯ ಹಾಗೆ ಕೆಂಪು ನರ ಕಂಡರೆ ಜೀವ ಇದೆ. ಬರೀ ತಿಳಿಯಾಗಿದ್ದರೆ ಇಲ್ಲವೇ ರಕ್ತದ ಉಂಗುರ ಕಂಡರೆ ತೆಗೆದುಹಾಕಿ. ಕೊಳೆತದ್ದು ಒಳಗೇ ಸಿಡಿದರೆ ಉಳಿದವೂ ಕೆಡುತ್ತವೆ.

ಕರೆಂಟ್ ಹೋದರೆ ಮುಚ್ಚಳ ತೆಗೆಯಬೇಡಿ, ಕಂಬಳಿ ಹೊದಿಸಿ. ಒಂದೆರಡು ಗಂಟೆ ತಣ್ಣಗಾದರೆ ಸಾಯುವುದಿಲ್ಲ. ಕರೆಂಟ್ ಬಂದ ಮೇಲೆ ಕಂಬಳಿ ತೆಗೆಯಲು ಮರೆತು ಕಿಂಡಿ ಮುಚ್ಚಿಹೋದರೇ ಅಪಾಯ.

28ನೇ ದಿನ ತಿರುಗಿಸುವುದು ನಿಲ್ಲಿಸಿ, ಈಗ ಅಗಲವಾದ ತಟ್ಟೆಯಲ್ಲಿ ನೀರಿಟ್ಟು ತೇವವನ್ನು 75ಕ್ಕೆ ಏರಿಸಿ. ಮೊಟ್ಟೆಯ ಕೆಳಗೆ ಒಗೆದ ಗೋಣಿ ತುಂಡು ಹಾಸಿ, ನುಣುಪು ತಳದಲ್ಲಿ ಮರಿಯ ಕಾಲು ಎರಡೂ ಬದಿಗೆ ಜಾರಿ ಸೊಟ್ಟಗಾಗುತ್ತದೆ. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೂ ಹೊರಬರಲು ಒಂದೆರಡು ದಿನ ಹಿಡಿಯುತ್ತದೆ, ಕೋಳಿ ಮರಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಅದು ಹಳದಿ ಭಾಗವನ್ನೂ ಪೊರೆಯ ನರದಲ್ಲಿರುವ ರಕ್ತವನ್ನೂ ಒಳಗೆಳೆದುಕೊಳ್ಳುತ್ತಿರುತ್ತದೆ. 48 ಗಂಟೆ ಕಳೆದು, ಪೊರೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ಒದ್ದೆ ಮಾಡಿ, ತೂತಿನ ಸುತ್ತ ಚಿಪ್ಪನ್ನು ಉಗುರಿನಷ್ಟೇ ಬಿಡಿಸಿ. ರಕ್ತದ ಒಂದು ಹನಿ ಕಂಡರೂ ಕೈ ತೆಗೆದು, ಮುಚ್ಚಳ ಹಾಕಿ, ಆರು ಗಂಟೆ ಅತ್ತ ಹೋಗಬೇಡಿ.