‘ಇದೆಯಾ?’ ಎಂದವರಿಗೆ ಏನು ಹೇಳಬೇಕು?

ಬಳಸಿದ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರ ತಕರಾರು ಒಂದೇ: ‘ಇದೆಯಾ?’ ಎನ್ನುವ ಆ ಒಂದು ಪದದ ಮೆಸೇಜ್.

ಪ್ರಶ್ನೆ: ಓದುವ ಮೇಜೊಂದನ್ನು ಮಾರಾಟಕ್ಕೆ ಹಾಕಿದ್ದೆ. ಒಂದೇ ಸಂಜೆ ಹನ್ನೊಂದು ಮಂದಿ ‘ಇದೆಯಾ?’ ಅಂತ ಕೇಳಿದರು. ಎಲ್ಲರಿಗೂ ‘ಇದೆ’ ಎಂದೆ. ಒಂಬತ್ತು ಮಂದಿ ಆಮೇಲೆ ಸುದ್ದಿಯೇ ಇಲ್ಲ. ಜಾಹೀರಾತು ಕಣ್ಣೆದುರಿಗೇ ಇರುವಾಗ ಇದನ್ನು ಕೇಳುವುದಾದರೂ ಯಾಕೆ? ಇಂಥವರಿಗೆಲ್ಲ ಉತ್ತರ ಕೊಡಬೇಕೇ?

ಕೊಡಿ. ಆದರೆ ‘ಇದೆ’ ಎಂದಷ್ಟೇ ಹೇಳಿ ನಿಲ್ಲಿಸಬೇಡಿ.

ಅವರು ಹಾಗೆ ಕೇಳುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಆ ವಾಕ್ಯವನ್ನು ಬಹಳಷ್ಟು ಸಲ ಅವರು ಬರೆದೇ ಇರುವುದಿಲ್ಲ. 2016ರಲ್ಲಿ ಶುರುವಾದ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಜಾಹೀರಾತಿನ ಜೊತೆಗೇ ‘ಇದು ಇದೆಯೇ?’ ಎಂಬರ್ಥದ ಸಿದ್ಧ ಸಾಲು ಇರುತ್ತದೆ. ಒಮ್ಮೆ ಒತ್ತಿದರೆ ಅದು ನಿಮಗೆ ಬಂದು ಬೀಳುತ್ತದೆ. ಮೇಜು ಹುಡುಕುತ್ತಿರುವವರು ಕೂತಲ್ಲೇ ಐದಾರು ಜಾಹೀರಾತುಗಳಿಗೆ ಹಾಗೆ ಒತ್ತಿಬಿಡುತ್ತಾರೆ. ನಿಮ್ಮ ಮೇಜನ್ನೇ ಕೊಳ್ಳಬೇಕೆಂಬ ನಿರ್ಧಾರ ಅದರಲ್ಲಿಲ್ಲ, ನಿಮ್ಮನ್ನು ಸತಾಯಿಸುವ ಉದ್ದೇಶವೂ ಇಲ್ಲ. ಎರಡನೆಯದು, ಮಾರಿಹೋದ ಸಾಮಾನಿನ ಜಾಹೀರಾತನ್ನು ತೆಗೆಯದೇ ಬಿಡುವವರು ಬಹಳ. ಮೂರು ಕಡೆ ಅಳತೆ, ಬಣ್ಣ ಎಲ್ಲ ವಿಚಾರಿಸಿ ಕೊನೆಗೆ ‘ಅದು ಹೋಯ್ತಲ್ಲ’ ಅನ್ನಿಸಿಕೊಂಡವರು ನಾಲ್ಕನೆಯವರ ಹತ್ತಿರ ಮೊದಲು ಇದೆಯಾ ಎಂದೇ ಕೇಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ಹಾಗಾಗಿ ಅವರು ನಿಜವಾಗಿ ಕೇಳುತ್ತಿರುವುದು ‘ನಿಮ್ಮ ಜೊತೆ ಮಾತು ಶುರು ಮಾಡಿದರೆ ಪ್ರಯೋಜನ ಉಂಟೇ?’ ಎಂದು. ಬರೀ ‘ಇದೆ’ ಎಂದರೆ ಮುಂದಿನ ಮಾತು ಹುಡುಕುವ ಕೆಲಸ ಮತ್ತೆ ಅವರ ತಲೆಗೇ ಬೀಳುತ್ತದೆ. ಅಷ್ಟರಲ್ಲಿ ಇನ್ನೊಬ್ಬ ಮಾರಾಟಗಾರರ ಉತ್ತರ ಬಂದಿರುತ್ತದೆ. ಹೀಗೆ ಬರೆದು ನೋಡಿ:

‘ನಮಸ್ಕಾರ, ಮೇಜು ಇದೆ. 14ನೇ ತಾರೀಕು ಶನಿವಾರ ಸಂಜೆ 5ರಿಂದ 8ರೊಳಗೆ ಬಂದು ನೋಡಬಹುದು. ಉದ್ದ 4 ಅಡಿ, ಅಗಲ 2 ಅಡಿ, ಕಾಲು ಬಿಚ್ಚಲು ಬರುವುದಿಲ್ಲ. ಯಾವ ಗಾಡಿಯಲ್ಲಿ ಒಯ್ಯುತ್ತೀರಿ?’

ಇಲ್ಲಿ ಇದೆ ಎನ್ನುವುದು ಮೊದಲಿಗೇ ಬಂತು. ನೋಡಲು ಸಿಗುವ ಹೊತ್ತು ಬಂತು. ಬಂದು ನೋಡಿದ ಮೇಲೆ ‘ಅಯ್ಯೋ, ಇದು ಆಟೋದಲ್ಲಿ ಹಿಡಿಯಲ್ಲ’ ಎಂದು ವಾಪಸ್ ಹೋಗುವಂತೆ ಮಾಡುವ ಸಂಗತಿಯೂ ಮುಂಚೆಯೇ ಬಂತು. ಕೊನೆಗೆ ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ. ಆ ಪ್ರಶ್ನೆಯನ್ನು ಬಿಡಬೇಡಿ. ಗಾಡಿಯ ಬಗ್ಗೆ ಯೋಚಿಸಿ ಉತ್ತರ ಬರೆದವರು ಅರ್ಧ ಮನಸ್ಸು ಮಾಡಿದ್ದಾರೆ ಎಂದೇ ಲೆಕ್ಕ. ಅದರ ಬದಲು ‘ಬೇಕಾ?’ ಎಂದು ಕೇಳಿದರೆ ವಸ್ತುವನ್ನೇ ನೋಡದವರು ಏನು ಹೇಳಿಯಾರು? ಸುಮ್ಮನಾಗುತ್ತಾರೆ.

ಈ ಸಾಲುಗಳನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡರೆ ಹನ್ನೊಂದು ಮಂದಿಗೂ ಕಳಿಸಲು ಐದು ನಿಮಿಷ ಸಾಕು. ಎಡವುವುದು ಒಂದು ಕಡೆ: ‘ನಾಳೆ ಬನ್ನಿ’ ಎಂದು ಬರೆದಿಟ್ಟಿದ್ದರೆ. ರಾತ್ರಿ ಹನ್ನೊಂದೂವರೆಗೆ ನೀವು ಕಳಿಸಿದ ‘ನಾಳೆ’ಯನ್ನು ಅವರು ಬೆಳಗ್ಗೆ ಎದ್ದು ಓದಿದರೆ ಒಂದು ದಿನ ಆಚೀಚೆ ಆಗುತ್ತದೆ. ವಾರ, ತಾರೀಕು ಎರಡನ್ನೂ ಬರೆಯಿರಿ.

ಎಷ್ಟು ಬೇಗ ಉತ್ತರಿಸಬೇಕು? ಸಾಧ್ಯವಾದರೆ ಒಂದೆರಡು ಗಂಟೆಯೊಳಗೆ, ಇಲ್ಲವೇ ಅದೇ ದಿನ. ಹಗಲೆಲ್ಲ ಕೆಲಸದಲ್ಲಿ ಇರುವವರು ಜಾಹೀರಾತಿನಲ್ಲೇ ‘ಸಂಜೆ 6ರ ನಂತರ ಉತ್ತರಿಸುತ್ತೇನೆ’ ಎಂದು ಬರೆದುಬಿಡಿ, ಜನ ಕಾಯುತ್ತಾರೆ. ನಿಮ್ಮ ಉತ್ತರ ಓದಿಯೂ ಸುಮ್ಮನಿದ್ದವರಿಗೆ ಮರುದಿನ ಒಮ್ಮೆ ನೆನಪಿಸಿ, ಅಷ್ಟು ಸಾಕು. ‘ಬೇಡದಿದ್ದರೆ ಯಾಕ್ ಕೇಳಿದ್ರಿ?’ ಎಂದು ಮಾತ್ರ ದಯವಿಟ್ಟು ಬರೆಯಬೇಡಿ. ಅವರು ನೋಡಿ ಬಿಟ್ಟರು, ಅಷ್ಟೇ. ಅಂಗಡಿಯ ಮುಂದೆ ನಿಂತು ನೋಡಿ ಹೋದವರನ್ನು ಯಾರೂ ಕರೆದು ಬೈಯುವುದಿಲ್ಲವಲ್ಲ.

ಪ್ರಶ್ನೆ: ಹೊಲಿಗೆ ಯಂತ್ರ ಮಾರಲು ಹಾಕಿದ್ದೆ. ಮೊದಲು ಕೇಳಿದವರಿಗೆ ‘ಇದೆ, ನೋಡೋಣ, ಹೇಳ್ತೀನಿ’ ಎಂದಿದ್ದೆ. ಆಮೇಲೆ ಕೇಳಿದವರಿಗೆ ‘ಭಾನುವಾರ ಬನ್ನಿ’ ಎಂದೆ. ಮೂರನೆಯವರು ಹೆಚ್ಚು ಬೆಲೆ ಕೊಡುತ್ತೇನೆ, ಈಗಲೇ ಬರುತ್ತೇನೆ ಎಂದರು. ಅವರಿಗೇ ಕೊಟ್ಟೆ. ಉಳಿದ ಇಬ್ಬರೂ ಬೇಜಾರು ಮಾಡಿಕೊಂಡಿದ್ದಾರೆ. ನಾನು ಮಾಡಿದ್ದು ತಪ್ಪೇ?

ಮೊದಲನೆಯವರ ವಿಷಯದಲ್ಲಿ ನಿಮ್ಮ ಮಾತು ಅಸ್ಪಷ್ಟವಾಗಿತ್ತು. ಎರಡನೆಯವರ ವಿಷಯದಲ್ಲಿ, ಹೌದು, ತಪ್ಪಾಯಿತು.

ನಮ್ಮ ಮಾತಿನಲ್ಲಿ ‘ನೋಡೋಣ’ ಎನ್ನುವುದು ಬಹಳ ಸಲ ನಯವಾದ ‘ಇಲ್ಲ’. ಎದುರಿಗೆ ಕೂತು ಹೇಳಿದಾಗ ದನಿಯಲ್ಲಿ, ಮುಖದಲ್ಲಿ ಅದು ಗೊತ್ತಾಗುತ್ತದೆ. ಮೆಸೇಜಿನಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲ. ಯಂತ್ರ ಬೇಕೆಂದು ಆಸೆಪಟ್ಟವರು ಅದನ್ನು ‘ನಿಮಗೇ ಇಟ್ಟಿರುತ್ತೇನೆ, ಸಮಯ ಆಮೇಲೆ ಹೇಳುತ್ತೇನೆ’ ಎಂದು ಓದಿಕೊಳ್ಳುತ್ತಾರೆ. ಮಾರಾಟದ ಮಾತಿನಲ್ಲಿ ‘ನೋಡೋಣ’, ‘ಹೇಳ್ತೀನಿ’, ‘ಆಮೇಲೆ ಮಾತಾಡೋಣ’ ಇವನ್ನು ಬಿಟ್ಟುಬಿಡಿ. ಬೇರೆಯವರೊಡನೆ ಮಾತು ನಡೆದಿದ್ದರೆ ಹಾಗೆಂದೇ ಹೇಳಿ: ‘ಇದೆ, ಆದರೆ ಒಬ್ಬರು ಭಾನುವಾರ ಬೆಳಗ್ಗೆ 11ಕ್ಕೆ ನೋಡಲು ಬರುತ್ತಾರೆ. ಅವರು ಬೇಡವೆಂದರೆ ಮುಂದಿನ ಸರದಿ ನಿಮ್ಮದು. 12ರೊಳಗೆ ಎರಡರಲ್ಲಿ ಒಂದು ತಿಳಿಸುತ್ತೇನೆ.’ ಹೀಗೆ ಹೇಳಿಸಿಕೊಂಡವರಿಗೆ ಬೇಸರವಾಗುವುದಿಲ್ಲ, ಎರಡನೆಯವರಾಗಿ ಕಾಯಲು ಒಪ್ಪುತ್ತಾರೆ.

‘ಬನ್ನಿ’ ಎಂಬುದರ ತೂಕವೇ ಬೇರೆ. ದಿನ ಹೇಳಿ ಬನ್ನಿ ಎಂದ ಮೇಲೆ ಅದು ಕೊಟ್ಟ ಮಾತು. ಅವರು ಬಿಡುವು ಮಾಡಿಕೊಳ್ಳುತ್ತಾರೆ, ಗಾಡಿ ಗೊತ್ತು ಮಾಡುತ್ತಾರೆ, ಹಣ ಹೊಂದಿಸುತ್ತಾರೆ. ಬರೀ ಜಾಹೀರಾತು ಹಾಕಿದ್ದರಿಂದ ಯಾರಿಗೂ ಕೊಡಲೇಬೇಕೆಂದಾಗುವುದಿಲ್ಲ. ಇಂಗ್ಲೆಂಡಿನ ಕೋರ್ಟೊಂದು 1968ರಲ್ಲೇ, ಪಾರ್ಟ್ರಿಜ್ ವಿರುದ್ಧ ಕ್ರಿಟೆಂಡನ್ ಪ್ರಕರಣದಲ್ಲಿ, ಹಕ್ಕಿ ಮಾರಾಟದ ಜಾಹೀರಾತಿನ ಬಗ್ಗೆ ಇದನ್ನೇ ಹೇಳಿತ್ತು: ಜಾಹೀರಾತು ಎಂದರೆ ‘ಕೇಳಿಕೊಂಡು ಬನ್ನಿ’ ಎಂಬ ಆಹ್ವಾನ, ಮಾರುತ್ತೇನೆಂಬ ಪ್ರಸ್ತಾವವಲ್ಲ. ಇರುವುದು ಒಂದು ಯಂತ್ರ, ಕೇಳುವವರು ಹತ್ತು ಮಂದಿ ಎಂದಾಗ ಹೀಗಿಲ್ಲದೆ ನಡೆಯುವುದೂ ಇಲ್ಲ. ಆದರೆ ಹತ್ತರಲ್ಲಿ ಒಬ್ಬರಿಗೆ ನೀವಾಗಿಯೇ ದಿನ ಕೊಟ್ಟಿರಿ. ಕೋರ್ಟು ಕಾನೂನಿನ ಮಾತು ಹಾಗಿರಲಿ, ಆಮೇಲೆ ಬಂದ ಹೆಚ್ಚಿನ ಬೆಲೆಯನ್ನು ಬಿಟ್ಟುಕೊಡುವುದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆ ಮೂರನೆಯವರಿಗೆ ‘ಭಾನುವಾರ ಒಬ್ಬರು ಬರುತ್ತಿದ್ದಾರೆ, ಅವರು ಬಿಟ್ಟರೆ ನಿಮಗೆ ಹೇಳುತ್ತೇನೆ’ ಎಂದಿದ್ದರೆ ಸಾಕಿತ್ತು.

ಸರದಿಯ ವಿಷಯದಲ್ಲಿ ಮೊದಲು ‘ಇದೆಯಾ?’ ಎಂದವರು ಮೊದಲಿಗರಲ್ಲ. ದಿನ, ಗಂಟೆ ಒಪ್ಪಿಕೊಂಡು ‘ಬರುತ್ತೇನೆ’ ಎಂದವರು ಮೊದಲಿಗರು. ಈ ನಿಯಮವನ್ನು ಜಾಹೀರಾತಿನಲ್ಲೇ ಒಂದು ಸಾಲಾಗಿ ಬರೆದರೆ ಆಮೇಲೆ ವಾದಕ್ಕೆ ಎಡೆಯಿಲ್ಲ. ಸಮಯ ಗೊತ್ತಾದ ಕೂಡಲೇ, ಆ ಸೌಲಭ್ಯ ಇರುವ ಕಡೆ, ಜಾಹೀರಾತನ್ನು ‘ಪೆಂಡಿಂಗ್’ ಎಂದು ಗುರುತು ಮಾಡಿ. ಆ ಸೌಲಭ್ಯವಿಲ್ಲದಿದ್ದರೆ ಶೀರ್ಷಿಕೆಯ ಮುಂದೆ ‘ಮಾತಾಗಿದೆ’ ಎಂದು ಸೇರಿಸಿ.

ಪ್ರಶ್ನೆ: ‘ಇಟ್ಟಿರಿ, ಬರ್ತೀನಿ’ ಎಂದವರಿಗಾಗಿ ಎಷ್ಟು ದಿನ ಕಾಯಬೇಕು?

ದಿನ ಹೇಳದೆ ‘ಇಟ್ಟಿರಿ’ ಎಂದವರಿಗಾಗಿ ಕಾಯುವುದೇ ಬೇಡ. ದಿನ ಹೇಳಿದವರಿಗೆ ಗಡುವನ್ನೂ ಆಗಲೇ ಹೇಳಿ: ‘ಶನಿವಾರ ಸಂಜೆ 8ರವರೆಗೆ ನಿಮಗೇ ಇಟ್ಟಿರುತ್ತೇನೆ, ಆಮೇಲೆ ಮುಂದಿನವರಿಗೆ ಹೇಳುತ್ತೇನೆ.’ ಅದೇ ದಿನ ಬೆಳಗ್ಗೆ ‘ಸಂಜೆ ಬರುವುದು ಖಾತ್ರಿಯೇ?’ ಎಂದು ಒಮ್ಮೆ ಕೇಳಿಬಿಡಿ. ಬಾರದೇ ಉಳಿಯುವವರಲ್ಲಿ ಹಲವರು ಬೇಡವೆಂದು ಹೇಳಲು ಮುಜುಗರಪಟ್ಟು ಸುಮ್ಮನಿರುವವರು. ನೀವೇ ಕೇಳಿದರೆ ‘ಇಲ್ಲ, ಆಗಲ್ಲ’ ಎನ್ನುವುದು ಅವರಿಗೂ ಸುಲಭ, ನಿಮ್ಮ ಸಂಜೆಯೂ ಉಳಿಯುತ್ತದೆ. ಹೇಳಿದ ಹೊತ್ತು ಮೀರಿದರೆ ಅರ್ಧ ಗಂಟೆ ನೋಡಿ, ಒಂದು ಮೆಸೇಜ್ ಹಾಕಿ, ಮುಂದಿನವರನ್ನು ಕರೆಯಿರಿ.

ಪ್ರಶ್ನೆ: ಸೈಕಲ್ ಮಾರಿ ವಾರವಾಯಿತು. ಇನ್ನೂ ದಿನಕ್ಕೆ ಮೂರು ನಾಲ್ಕು ಮಂದಿ ಕೇಳುತ್ತಾರೆ. ಉತ್ತರಿಸುವ ಅಗತ್ಯ ಇದೆಯೇ?

ಜಾಹೀರಾತು ಇನ್ನೂ ಇದೆ ಎಂದಾಯಿತು. ಹಣ ಕೈಗೆ ಬಂದು ಸೈಕಲ್ ಹೋದ ಕೂಡಲೇ, ಬಾಗಿಲು ಹಾಕುವ ಮುಂಚೆಯೇ, ‘ಸೋಲ್ಡ್’ ಎಂದು ಗುರುತು ಮಾಡಿ. ಎರಡು ಮೂರು ಕಡೆ ಹಾಕಿದ್ದರೆ ಎಲ್ಲ ಕಡೆಯೂ ಮಾಡಿ. ಗುಂಪುಗಳಲ್ಲಿ ಹಂಚಿದ್ದ ಫೋಟೊವನ್ನೇ ಬಹಳ ಮಂದಿ ಮರೆಯುತ್ತಾರೆ. ಮೆಸೇಜಿಗೆ ತಾನಾಗಿ ಉತ್ತರ ಹೋಗುವ ಏರ್ಪಾಡು ಮಾಡಿದ್ದರೆ ಅದನ್ನೂ ನಿಲ್ಲಿಸಿ, ಇಲ್ಲದಿದ್ದರೆ ಇಲ್ಲದ ಸೈಕಲ್ಲಿಗೆ ಅದು ‘ಇದೆ’ ಎನ್ನುತ್ತಲೇ ಇರುತ್ತದೆ. ಕೇಳಿದವರಿಗೆ ‘ಮಾರಿ ಆಯಿತು, ಕೇಳಿದ್ದಕ್ಕೆ ಥ್ಯಾಂಕ್ಸ್’ ಎಂದರೆ ಸಾಕು, ಕಾರಣ ಬೇಕಿಲ್ಲ. ಸರದಿಯಲ್ಲಿ ಕಾಯುತ್ತಿದ್ದವರಿಗೆ ಮಾತ್ರ, ಅವರು ಕೇಳುವ ಮೊದಲೇ ನೀವಾಗಿ ತಿಳಿಸಬೇಕು.

ಪ್ರಶ್ನೆ: ‘ಇದೆಯಾ?’ ಎಂದು ಕೇಳಿದವರೊಬ್ಬರು, ನೀವು ನಿಜವಾದ ಮಾರಾಟಗಾರರೋ ಅಂತ ತಿಳಿಯಲು ಫೋನಿಗೆ ಬರುವ ಆರಂಕಿಯ ಸಂಖ್ಯೆ ಹೇಳಿ ಎಂದರು. ಹೇಳದಿದ್ದರೆ ಮರ್ಯಾದೆಯಲ್ಲವೇನೋ ಎನಿಸಿತು.

ಹೇಳಲೇಬೇಡಿ. ಇಲ್ಲಿ ಮರ್ಯಾದೆಯ ಪ್ರಶ್ನೆಯೇ ಬರುವುದಿಲ್ಲ. ಆ ಸಂಖ್ಯೆ ನಿಮ್ಮ ನಂಬರಿನಲ್ಲಿ ಖಾತೆಯೊಂದನ್ನು ತೆರೆಯಲು, ಅಥವಾ ನಿಮ್ಮದೇ ಖಾತೆಯೊಳಗೆ ನುಗ್ಗಲು ಬಳಸುವ ಕೀಲಿ. ಅವರು ಆ ಕಡೆಯಿಂದ ನಿಮ್ಮ ನಂಬರ್ ಹಾಕಿರುತ್ತಾರೆ, ಆದ್ದರಿಂದಲೇ ಅದು ನಿಮ್ಮ ಫೋನಿಗೆ ಬರುತ್ತದೆ. ಜೊತೆಗೆ ಬಂದ ಮೆಸೇಜನ್ನು ಪೂರ್ತಿ ಓದಿ. ‘ಯಾರಿಗೂ ತಿಳಿಸಬೇಡಿ’ ಎಂದು ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತದೆ.

ಇದೇ ಜಾತಿಯ ಇನ್ನೆರಡು ಮೋಸಗಳಿವೆ. ವಸ್ತುವನ್ನು ನೋಡದೆ, ಚೌಕಾಸಿ ಮಾಡದೆ ‘ಈಗಲೇ ಹಣ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವುದು ಒಂದು. ಪಿನ್ ಬೇಕಾಗುವುದು ಹಣ ಕಳಿಸುವವರಿಗೆ, ಪಡೆಯುವವರಿಗಲ್ಲ. ಇನ್ನೊಂದು, ಹೇಳಿದ ಬೆಲೆಗಿಂತ ಹೆಚ್ಚು ಕಳಿಸಿದ್ದೇನೆಂದು ರಸೀದಿಯ ಚಿತ್ರ ತೋರಿಸಿ ಉಳಿದದ್ದನ್ನು ವಾಪಸ್ ಕೇಳುವುದು. ಚಿತ್ರ ನಂಬಬೇಡಿ, ನಿಮ್ಮ ಬ್ಯಾಂಕ್ ಖಾತೆಯನ್ನೇ ತೆರೆದು ನೋಡಿ. ಹಣ ಬಂದಿರುವುದಿಲ್ಲ.

ಇಂಥವರಿಗೆ ‘ನೇರವಾಗಿ ಬಂದು ನೋಡುವವರಿಗೆ ಮಾತ್ರ ಕೊಡುತ್ತೇನೆ’ ಎಂದು ಒಂದೇ ಸಾಲು ಬರೆದು ಬ್ಲಾಕ್ ಮಾಡಿ. ಒಳ್ಳೆಯ ಮನಸ್ಸಿನಿಂದ ಕೇಳಿದವರಿಗೂ ನೀವಾಗಿ ಹೇಳಬಾರದ ಮಾತೊಂದಿದೆ: ‘ಸೋಮವಾರದಿಂದ ನಾಲ್ಕು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ’. ಸಿಗುವ ಹೊತ್ತನ್ನು ಹೇಳಿ, ಮನೆ ಖಾಲಿ ಇರುವ ಹೊತ್ತನ್ನಲ್ಲ. ಪೂರ್ತಿ ವಿಳಾಸವನ್ನು ಅವರು ಬರುವ ದಿನವೇ ಕೊಟ್ಟರಾಯಿತು. ಸಣ್ಣ ಸಾಮಾನಾದರೆ ಜನ ಓಡಾಡುವ ಜಾಗದಲ್ಲಿ ಭೇಟಿಯಾಗುವುದೇ ವಾಸಿ.

ಪ್ರಶ್ನೆ: ನಾನು ಕೊಳ್ಳುವವನು. ‘ಇದೆಯಾ?’ ಎಂದು ಕೇಳಿದರೆ ಅರ್ಧಕ್ಕರ್ಧ ಮಂದಿ ಉತ್ತರಿಸುವುದೇ ಇಲ್ಲ. ಹೇಗೆ ಕೇಳಬೇಕು?

ಸಿದ್ಧ ಸಾಲನ್ನು ಒತ್ತಬೇಡಿ. ಒತ್ತಿದ್ದರೂ ಅದರ ಹಿಂದೆಯೇ ನಿಮ್ಮದೇ ಮಾತು ಎರಡು ಬರೆಯಿರಿ: ‘ನಮಸ್ಕಾರ, ಕಪಾಟು ಇನ್ನೂ ಇದ್ದರೆ 15ನೇ ತಾರೀಕು ಭಾನುವಾರ ಬೆಳಗ್ಗೆ 10ಕ್ಕೆ ಬಂದು ನೋಡಬಹುದೇ? ಹಿಡಿಸಿದರೆ ಅಂದೇ ಒಯ್ಯುತ್ತೇನೆ.’ ಇದಕ್ಕೆ ಉತ್ತರಿಸದವರು ಕಡಿಮೆ. ಜಾಹೀರಾತಿನಲ್ಲೇ ಬರೆದಿರುವ ಅಳತೆ, ಬೆಲೆಗಳನ್ನು ಮತ್ತೆ ಕೇಳಬೇಡಿ, ಓದಿಲ್ಲ ಎಂದು ತಿಳಿದುಹೋಗುತ್ತದೆ. ನೋಡುವ ಮೊದಲೇ ‘ಲಾಸ್ಟ್ ಎಷ್ಟು?’ ಎನ್ನುವುದೂ ಬೇಡ. ಎದುರಿಗಿರುವವರು ಗಂಡಸೋ ಹೆಂಗಸೋ ತಿಳಿಯದಾಗ ಸರ್, ಮೇಡಂ ಎಂದು ಊಹಿಸುವ ಬದಲು ‘ನಮಸ್ಕಾರ, ನೀವು’ ಎಂದರೆ ಎಲ್ಲರಿಗೂ ಸಲ್ಲುತ್ತದೆ.

ಬೇರೆ ಕಡೆ ಕೊಂಡಾಯಿತೇ? ಸಮಯ ಕೊಟ್ಟು ಕಾಯುತ್ತಿರುವವರಿಗೆ ಆ ಕೂಡಲೇ ‘ನನಗೆ ಬೇರೆ ಸಿಕ್ಕಿತು, ಬೇರೆಯವರಿಗೆ ಕೊಡಿ’ ಎಂದು ತಿಳಿಸಿ. ಅವರ ಸರದಿಯಲ್ಲಿ ಇನ್ನೊಬ್ಬರು ಕಾಯುತ್ತಿರುತ್ತಾರೆ.