ಕೀನ್ಯಾದ ಅನಾಥಾಲಯಕ್ಕೆ ಮಗಳನ್ನು ಕಳುಹಿಸುವ ಬಗ್ಗೆ

ಅಕ್ಕಾ, ನರ್ಸಿಂಗ್ ಮುಗಿಸಿದ ಮಗಳನ್ನು ಎರಡು ತಿಂಗಳು ಕೀನ್ಯಾದ ಮಿಷನ್ ಅನಾಥಾಲಯಕ್ಕೆ ಕಳುಹಿಸಲೇ ಎಂದು ಕೇಳಿದ್ದೀರಿ. ಅನಾಥಾಲಯಕ್ಕೆ ಬೇಡ, ಮಿಷನ್ ಆಸ್ಪತ್ರೆಗಾದರೆ ಖಂಡಿತ ಕಳುಹಿಸಿ. ಚಿತ್ರದುರ್ಗದ ಹತ್ತಿರದ ಒಂದು ಮಕ್ಕಳ ನಿಲಯದಲ್ಲಿ ನಾನು ಅಡುಗೆ ನೋಡಿಕೊಳ್ಳುತ್ತಿದ್ದೆ. ಹೊರದೇಶದ ಹುಡುಗಿಯರು ಒಂದು ತಿಂಗಳಿದ್ದು, ಮುದ್ದಿಸಿ, ಹೊರಟುಹೋದರು. ಐದು ವರ್ಷದ ಒಬ್ಬಳು ಮಂಡಕ್ಕಿ ತಟ್ಟೆ ಹಿಡಿದು ಮೂರು ಸಂಜೆ ಗೇಟಿನ ಬಳಿಯೇ ನಿಂತಿದ್ದಳು. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇಂಥ ನಿಲಯಗಳ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ; ಬಡತನ ಅವರನ್ನು ಅಲ್ಲಿಗೆ ತಂದಿರುತ್ತದೆ. ಕಾಣಿಕೆ ಕೊಡುವುದಾದರೆ ಆ ತಂದೆತಾಯಿಯರ ಮನೆಗಳಿಗೇ ನೆರವು ತಲುಪಿಸುವ ಮಿಷನ್ನಿಗೆ ಕೊಡಿ. ಮಗಳು ಈಗಲೇ ಕೀನ್ಯಾದ ಭಾಷೆ ಸ್ವಾಹಿಲಿ ಕಲಿಯಲಿ. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಮೊಗ್ಲಿಂಗ್ ಕನ್ನಡ ಕಲಿತು, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನೇ ಹೊರತಂದರಲ್ಲವೇ? ಕೀನ್ಯಾದ ನರ್ಸಿಂಗ್ ಮಂಡಳಿಯ ಅನುಮತಿ ಸಿಗುವವರೆಗೆ ಟಿಕೆಟ್ ಮಾತ್ರ ತೆಗೆಸಬೇಡಿ.